ಸಭಾಪತಿಯ ಅರ್ಜಿ

ನನ್ನ ಗಂಡ ಹೇಡಿ. ಇದು ಸಿಟ್ಟಿನಲ್ಲಿ ಆಡಿದ ಮಾತಲ್ಲ. ನಲವತ್ತೆರಡು ವರ್ಷ ಒಂದೇ ಸೂರಿನಡಿ ಇದ್ದು, ಪರ ಮತ್ತು ವಿರೋಧ ಎರಡೂ ಕಡೆಯ ಸಾಕ್ಷ್ಯ ನೋಡಿ, ಸಮಾಧಾನದಿಂದ ಬರೆದ ತೀರ್ಪು. (ಪರವಾದ ಸಾಕ್ಷ್ಯ ಹೆಚ್ಚಿರಲಿಲ್ಲ. ಬೇಗ ಓದಿ ಮುಗಿಯಿತು.)

ಅವರ ಹೆಸರು ಮೈಲಾರಲಿಂಗಪ್ಪ. ಹೆಸರು ಕೇಳಿದರೆ ಖಡ್ಗ ಹಿರಿದುಕೊಂಡು ಬರುವವರಂತಿದೆ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಮೈದಾನದಲ್ಲಿ ಅವರು ಒಮ್ಮೆ ಕೂಗಿದರೆ ಮುನ್ನೂರು ಹುಡುಗರು ಉಸಿರು ಹಿಡಿದು ನಿಲ್ಲುತ್ತಿದ್ದರಂತೆ. ಆ ದನಿ ನಮ್ಮ ಮನೆಯ ಗೇಟಿನವರೆಗೆ ಬಂದು, ಅಲ್ಲಿಂದ ಹಾಗೇ ಶಾಲೆಗೆ ವಾಪಸು ಹೋಗುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆ ವಿಷಯದಲ್ಲೂ ಅವರು ತಮ್ಮ ಅಭಿಪ್ರಾಯ ತಿಳಿಸಲಿಲ್ಲ.

ನಾನು ಹೊಳೆವ್ವ. ಡಾಕ್ಟರ್ ಹೊಳೆವ್ವ. ಈ ಎರಡು ಪದ ಜೊತೆಯಾಗಿ ಬಂದರೆ ಎದುರಿಗಿದ್ದವರು ಒಂದು ಕ್ಷಣ ತಡವರಿಸುತ್ತಾರೆ, ಆಮೇಲೆ ಸೊಂಟನೋವಿಗೆ ಔಷಧ ಕೇಳುತ್ತಾರೆ. ನಾನು ರಾಜ್ಯಶಾಸ್ತ್ರದ ಡಾಕ್ಟರು. ಮೂವತ್ತನಾಲ್ಕು ವರ್ಷ ಸಂವಿಧಾನ ಕಲಿಸಿದ್ದೇನೆ. ಪ್ರಾಚಾರ್ಯಳಾಗಬೇಕಿತ್ತು. ನನಗಿಂತ ಹನ್ನೊಂದು ವರ್ಷ ಚಿಕ್ಕವನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸಿದಾಗ, ಆಡಳಿತ ಮಂಡಳಿಯ ಎದುರು ಹೋಗಿ ಕೇಳೋಣ, ನೀವೂ ಜೊತೆಗೆ ಬನ್ನಿ ಎಂದು ಇವರನ್ನು ಕರೆದುಕೊಂಡು ಹೋದೆ. ಮೆಟ್ಟಿಲವರೆಗೆ ಬಂದರು.

"ನೀ ಹೋಗಿ ಬಾ. ನಾ ಗಾಡಿ ಕಾಯ್ಕೊಂತ ನಿಂದರ್ತೇನಿ" ಎಂದರು.

ಆ ಸ್ಕೂಟರನ್ನು ಕದಿಯಬೇಕಾದರೆ ಕಳ್ಳನೇ ಅದನ್ನು ದಬ್ಬಿಕೊಂಡು ಹೋಗಬೇಕಿತ್ತು. ನಾನೊಬ್ಬಳೇ ಒಳಗೆ ಹೋದೆ, ಒಬ್ಬಳೇ ಸೋತು ಹೊರಗೆ ಬಂದೆ. ಸ್ಕೂಟರು ಮಾತ್ರ ಸುರಕ್ಷಿತವಾಗಿತ್ತು.

ಇಂಥವರು ಒಂಬತ್ತು ವರ್ಷದ ಹಿಂದೆ ಒಂದು ಹೋರಿ ತಂದರು. ತಂದರು ಎಂದರೆ, ತಂದಿದ್ದೇನೆ ಎಂದು ಹೇಳಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಹಿತ್ತಲಿನಲ್ಲಿ ಬಿಳಿಯ ಗುಡ್ಡವೊಂದು ಮೆಲುಕು ಹಾಕುತ್ತಿತ್ತು. ಯಾರದು ಎಂದೆ. ದುಂಡಸಿಯ ಗೆಳೆಯನದು, ಮೂರು ದಿನ ಇರುತ್ತದೆ ಎಂದರು. ಆ ಮೂರು ದಿನ ಇನ್ನೂ ಮುಗಿದಿಲ್ಲ. ನನ್ನ ಆರೋಗ್ಯಕ್ಕೆಂದು ತಂದ ಬಾದಾಮಿ ಯಾರ ಆರೋಗ್ಯಕ್ಕೆ ಹೋಗುತ್ತಿದೆ ಎಂದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಹೋರಿ ಬೆದರಿಸುತ್ತಾರೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ, ಬೆನ್ನಿಗೆ ಮಿಂಚುವ ಜೂಲಾ, ಕೋಡಿಗೆ ಬಲೂನು, ರಿಬ್ಬನ್ನು. ಹೀಗೆ ಮದುಮಗನ ಹಾಗೆ ಸಿಂಗರಿಸಿ, ಹಲಗೆ ಬಾರಿಸಿ, ಕಿಕ್ಕಿರಿದ ಜನರ ನಡುವೆ ಓಡಿಸುತ್ತಾರೆ. ಕೊಬ್ಬರಿ ಹರಿದುಕೊಂಡವನು ಗಂಡಸು. ಹರಿಯಗೊಡದ ಹೋರಿ ದೇವರು. ಪ್ರತಿ ಹೋರಿಗೂ ಒಂದು ಬಿರುದು ಇರುತ್ತದೆ. ನನ್ನನ್ನು ಒಲಿಸಿಕೊಳ್ಳಲೆಂದು ಇವರು ನನ್ನ ಪಠ್ಯಪುಸ್ತಕದಿಂದ ಹೆಸರು ಹುಡುಕಿ ಅದಕ್ಕೆ 'ಸಭಾಪತಿ' ಎಂದಿಟ್ಟರು. ಸಭಾಪತಿ ನಿಷ್ಪಕ್ಷಪಾತಿಯಾಗಿರಬೇಕು ಎಂದು ನಾನು ಕಲಿಸಿದ್ದೆ. ಅದು ಆ ತತ್ವಕ್ಕೆ ತಪ್ಪಲಿಲ್ಲ, ಎಲ್ಲರ ಮೇಲೂ ಸಮನಾಗಿ ಎಗರುತ್ತಿತ್ತು. ಒಂಬತ್ತು ವರ್ಷದಲ್ಲಿ ಅದರ ಕೊಬ್ಬರಿಗೆ ಕೈ ಹಾಕಿದವರು ಇಬ್ಬರೇ. ಶಿಗ್ಗಾಂವಿಯಿಂದ ಹಿರೇಕೆರೂರಿನವರೆಗೆ ನನ್ನ ಗಂಡನಿಗೆ ಮರ್ಯಾದೆ ಸಿಕ್ಕಿದ್ದು ಆ ಪ್ರಾಣಿಯಿಂದ. ಹೇಡಿಗಳು ಹೀಗೇ, ತಮ್ಮ ಧೈರ್ಯವನ್ನು ಬೇರೆಯವರ ಕೋಡಿಗೆ ಕಟ್ಟುತ್ತಾರೆ.

ಕಳೆದ ಡಿಸೆಂಬರಿನ ಕೊನೆಯ ವಾರ ಪತ್ರಿಕೆಯಲ್ಲಿ 'ಹೊಸ ವರ್ಷದಿಂದ ಏನೇನು ಬದಲು' ಎಂಬ ಪಟ್ಟಿ ಬಂತು. ಆರನೆಯ ಸಾಲಿನಲ್ಲಿ ಹೋರಿ ಇತ್ತು. ಜನವರಿ ಒಂದರಿಂದ ನೋಂದಣಿಯಾದ ಹೋರಿಗಳು ಮಾತ್ರ ಓಡಬೇಕು. ಅದಕ್ಕೆ ಅರ್ಜಿ, ಪಶುವೈದ್ಯರ ಪ್ರಮಾಣಪತ್ರ, ಹೋರಿ ಕಟ್ಟುವ ಜಾಗದ ಮಾಲೀಕರ ಒಪ್ಪಿಗೆ, ಕೊನೆಗೆ ಸಮಿತಿಯ ಮುಂದೆ ಖುದ್ದು ಪರಿಶೀಲನೆ. ಅರ್ಜಿಯಲ್ಲಿ ಸುಳ್ಳು ಬರೆದರೆ ಬರೆದವರ ಮೇಲೆ ಕೇಸು.

ಜಾಗದ ಮಾಲೀಕಳು ನಾನು. ಮನೆ ಕಟ್ಟಿದ್ದು ನನ್ನ ಸಂಬಳದಲ್ಲಿ. ಚಹಾ ಕುಡಿಯುತ್ತ ಕಾದೆ. ಹತ್ತೂವರೆಗೆ ಅಕ್ಬರಸಾಬ ಬಂದ. ಸವಣೂರಿನ ದರ್ಜಿ ಅವನು. ಸಭಾಪತಿಯ ಜೂಲಾ ಹೊಲಿಯುವವನೂ ಅವನೇ, ನನ್ನ ಗಂಡನ ನಾಲಿಗೆಯ ಕೆಲಸ ಮಾಡುವವನೂ ಅವನೇ.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಮಾಸ್ತರ್ಗೆ ನಿಮ್ಮದೊಂದ ಸಹಿ ಬೇಕಾಗೇತ್ರಿ."

"ಮಾಸ್ತರ ಎಲ್ಲಿದ್ದಾರ?"

"ಇಲ್ಲೇ ಕಂಪೌಂಡ್ ಹೊರಗ ನಿಂತಾರ್ರಿ. ನೀವು ಹೂಂ ಅಂದ್ರ ಒಳಗ ಬರ್ತಾರಂತ. ಊಹೂಂ ಅಂದ್ರ ನನ್ನ ಜೋಡಿ ಸವಣೂರ ಬಸ್ ಹತ್ತತಾರಂತ."

ಊಹೂಂ ಎನ್ನಲು ಬಾಯಿ ತೆರೆದವಳು ಮುಚ್ಚಿದೆ. ನಾನು ಬೇಡ ಎಂದರೆ ಇಡೀ ತಾಲ್ಲೂಕು ಇವರ ಕಡೆಗೆ ನಿಲ್ಲುತ್ತದೆ. ಪಾಪ ಮಾಸ್ತರ, ಕಟುಕಿ ಹೆಂಡತಿ. ಅದೇ ಸರ್ಕಾರ ಬೇಡ ಎಂದರೆ? ಹೆಂಡತಿಯ ನಿರಾಕರಣೆ ಜಗಳ, ಸರ್ಕಾರದ ನಿರಾಕರಣೆ ಕಾನೂನು. ಹದಿನಾಲ್ಕು ಪುಟದ ನಿಯಮಾವಳಿಯನ್ನು ಯಾವ ಹೋರಿಯೂ ದಾಟಲಾರದು ಎಂಬ ಭರವಸೆ ನನಗಿತ್ತು. ಸಹಿಯಷ್ಟೇ ಏಕೆ, ಅರ್ಜಿಯನ್ನೇ ನಾನು ಬರೆದುಕೊಡುತ್ತೇನೆ, ಅಕ್ಷರ ಅಕ್ಷರ ನಿಯಮದ ಪ್ರಕಾರ, ಎಂದೆ. ಅಕ್ಬರಸಾಬ ಎದ್ದು ನಿಂತು ಕೈಮುಗಿದ. ಗೇಟಿನ ಹೊರಗೆ ಯಾರೋ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

ಮೂರು ದಿನ ಬರೆದೆ. ಮೇವು ಹಾಕುವ ಗೋದಲಿಯ ಉದ್ದಗಲ ಬೇಕಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿ ಕಾಗದ ಹಿಡಿದು ನಿಂತೆ, ಇವರು ಹಿತ್ತಲಿನಿಂದ ಟೇಪು ಹಿಡಿದು ಅಳತೆ ಹೇಳಿದರು. ನೀರು ಎಷ್ಟು ಸಲ, ಮೇವು ಯಾವುದು, ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ, ಎಲ್ಲಕ್ಕೂ ಉತ್ತರ, ಉತ್ತರಕ್ಕೆ ಅಡಿಟಿಪ್ಪಣಿ, ಅಡಿಟಿಪ್ಪಣಿಗೆ ಅನುಬಂಧ. ಹದಿನೇಳನೆಯ ಕಾಲಂ: 'ಪ್ರಾಣಿಗೆ ದೃಷ್ಟಿ, ಶ್ರವಣ ಅಥವಾ ಚಲನೆಯ ದೋಷವಿದೆಯೇ?' ಕಿಟಕಿಯಿಂದ ನೋಡಿದೆ. ಕಣ್ಣಿತ್ತು, ಕಿವಿಯಿತ್ತು, ಕಾಲಿದ್ದವು. 'ಇಲ್ಲ' ಎಂದು ಬರೆದೆ. ಪಶುವೈದ್ಯರು ಬಂದು ಹಿತ್ತಲ ಬಾಗಿಲಲ್ಲಿ, ಹೋರಿಯಿಂದ ಹದಿನೈದು ಹೆಜ್ಜೆ ದೂರದಲ್ಲಿ ನಿಂತರು. ಸಭಾಪತಿ ಒಮ್ಮೆ ಬುಸುಗುಟ್ಟಿತು. ಅವರು ಅಲ್ಲಿಯೇ ಬಾಗಿಲ ಮೇಲೆ ಕಾಗದವಿಟ್ಟು ಸಹಿ ಮಾಡಿದರು.

ಸುಳ್ಳೇಕೆ, ಆ ಮೂರು ದಿನ ನಾನು ಸುಖವಾಗಿದ್ದೆ. ನಿವೃತ್ತಿಯಾದ ಮೇಲೆ ಅಷ್ಟು ಚೆಂದದ ಗದ್ಯ ನನ್ನ ಕೈಯಿಂದ ಬಂದಿರಲಿಲ್ಲ.

ಜನವರಿ ಎರಡರಂದು ಇವರು ಅರ್ಜಿ ಕೊಟ್ಟು ಬಂದರು. ಒಂಬತ್ತರಂದು ಫೋನು ಬಂತು. ತಿರಸ್ಕಾರದ ಸುದ್ದಿ ಎಂದು ಮುಖ ಗಂಭೀರ ಮಾಡಿಕೊಂಡೆ. ಆ ಕಡೆಯ ಅಧಿಕಾರಿಯ ದನಿ ಗದ್ಗದವಾಗಿತ್ತು. ಬಂದ ಅರ್ಜಿಗಳಲ್ಲಿ ಪೂರ್ತಿ ತುಂಬಿದ್ದು ಇದೊಂದೇ ಅಂತೆ. ಪರಿಶೀಲನೆಯೊಂದು ಮುಗಿದರೆ ನೋಂದಣಿ ಆದಂತೆಯೇ ಅಂತೆ. ಮಾದರಿ ಅರ್ಜಿಯೆಂದು ಅದರ ಪ್ರತಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿದ್ದಾರಂತೆ.

ಮರುದಿನ ಬೆಳಿಗ್ಗೆ ಗೇಟಿನ ಎದುರು ಏಳು ಜನ ಇದ್ದರು. ಮೂವರು ಹೋರಿಯನ್ನೂ ಕರೆತಂದಿದ್ದರು.

ಮೊದಲು ಒಳಬಂದವನು ಚಿಕ್ಕೇರೂರಿನ ಚೌಡಪ್ಪ, 'ಚಿಕ್ಕೇರೂರ ಸುನಾಮಿ' ಎಂಬ ಹೋರಿಯ ಒಡೆಯ. ಅರ್ಜಿ ಬರೆದುಕೊಡಿ ಎಂದ. ನಾನು ಕನ್ನಡಕ ಏರಿಸಿ, ಹೋರಿಯ ವಯಸ್ಸು ಎಷ್ಟು ಎಂದು ಕೇಳಿದೆ.

"ನಿಮ್ಮದರಾಗ ಎಷ್ಟ ಬರದೀರ್ರಿ?"

"ಹನ್ನೊಂದು."

"ಹಂಗಾರ ಹನ್ನೊಂದ ಬರೀರಿ."

"ನಿನ್ನ ಹೋರಿದೆಷ್ಟು ಅಂತ ಕೇಳಿದೆ."

"ನಂದು ಆರ್ರಿ. ಆದ್ರ ಪಾಸಾಗಿದ್ದು ಹನ್ನೊಂದಲ್ರೀ ಅಕ್ಕಾರ."

ಅವನಿಗೆ ತಿಳಿಹೇಳಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಉಳಿದ ಊರುಗಳ ಒಡೆಯರು ತಾವೇ ಬುದ್ಧಿವಂತಿಕೆ ತೋರಿಸಿದ್ದರು. ನೋಟೀಸ್ ಬೋರ್ಡಿನ ಫೋಟೋ ಹೊಡೆದುಕೊಂಡು, ಪಾಸಾದ ಉತ್ತರಪತ್ರಿಕೆಯನ್ನು ನೋಡಿ ಬರೆಯುವಂತೆ, ಕಂಡದ್ದನ್ನು ಕಂಡ ಹಾಗೆ ಇಳಿಸಿದ್ದರು. ಆ ವಾರ ನಮ್ಮ ಸೀಮೆಯಲ್ಲಿ ಒಂದೇ ವಯಸ್ಸಿನ, ಒಂದೇ ಎತ್ತರದ, ಎಲ್ಲವೂ ನನ್ನ ಹಿತ್ತಲಿನಲ್ಲೇ ವಾಸವಾಗಿರುವ ಹದಿಮೂರು ಹೋರಿಗಳು ಕಾಗದದ ಮೇಲೆ ಹುಟ್ಟಿದವು. ಒಬ್ಬನಂತೂ ಮಾಲೀಕರ ವಿದ್ಯಾರ್ಹತೆ ಎಂಬಲ್ಲಿ 'ನಿವೃತ್ತ ದೈಹಿಕ ಶಿಕ್ಷಕ' ಎಂದೇ ಬರೆದಿದ್ದ. ಅವನ ದೇಹಕ್ಕೂ ಶಿಕ್ಷಣಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಎಲ್ಲವನ್ನೂ ಹರಿದುಹಾಕಿ ಮೊದಲಿನಿಂದ ನಾನೇ ಬರೆದೆ. ಎರಡು ವಾರದಲ್ಲಿ ಇಪ್ಪತ್ತಾರು ಅರ್ಜಿ. ವರಾಂಡದಲ್ಲಿ ಚಾಪೆ ಹಾಸಿದ್ದಾಯಿತು. ಸವಣೂರಿನ ಕುರುಕಲು ಖಾರ ಬಂತು, ವೀಳ್ಯದೆಲೆಯ ಕಟ್ಟು ಬಂತು, ನಾನು ತಿನ್ನದ ಬೆಲ್ಲ ಬಂತು. ಗೇಟಿನ ಎದುರು ಬಿದ್ದ ಸೆಗಣಿಗೆ ಪಕ್ಕದ ಮನೆಯವರು ನನ್ನನ್ನೇ ಹೊಣೆ ಮಾಡಿದರು. ರಟ್ಟೀಹಳ್ಳಿಯ ಮುದುಕನೊಬ್ಬ, ಹೇಗೂ ಡಾಕ್ಟರಲ್ಲವೇ, ಹೋರಿಗೆ ಹೊಟ್ಟೆ ಉಬ್ಬಿದೆ ಒಮ್ಮೆ ನೋಡಿ ಎಂದ. ಬೀದಿಯಲ್ಲಿ ನನಗೆ 'ಹೋರಿ ಅಕ್ಕಾರು' ಎಂದು ಹೆಸರಾಯಿತು.

ಮೂವತ್ತನಾಲ್ಕು ವರ್ಷ ಮೂಲಭೂತ ಹಕ್ಕುಗಳನ್ನು ಕಲಿಸಿದೆ. ಒಬ್ಬ ವಿದ್ಯಾರ್ಥಿಯೂ, ಅಕ್ಕಾರ, ನನಗೊಂದು ಹಕ್ಕಿದೆ, ಒಂದು ಅರ್ಜಿ ಬರೆದುಕೊಡಿ ಎಂದು ಈ ಬಾಗಿಲಿಗೆ ಬರಲಿಲ್ಲ. ದನದ ಸಲುವಾಗಿ ಇಪ್ಪತ್ತಾರು ಜನ ಬಂದರು. ಅದು ಅವಮಾನವೆಂದು ನನಗೆ ಗೊತ್ತಿತ್ತು. ಆದರೂ ದಿನಾ ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ವರಾಂಡದಲ್ಲಿ ಕೂರುತ್ತಿದ್ದೆ. ಪ್ರಾಚಾರ್ಯರ ಕೋಣೆಯ ಕುರ್ಚಿ ಹೇಗಿತ್ತೋ ತಿಳಿಯದು. ಇದು ಪ್ಲಾಸ್ಟಿಕ್ಕಿನದಾದರೂ ಎದುರಿಗೆ ಜನ ಕೈಕಟ್ಟಿ ನಿಲ್ಲುತ್ತಿದ್ದರು.

ಪರಿಶೀಲನೆ ಇಪ್ಪತ್ತನಾಲ್ಕಕ್ಕೆ ಎಂದು ನಿಗದಿಯಾಯಿತು. ಹಿಂದಿನ ದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಇವರು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತರು. ಒಂದು ಮಾತು ಹೇಳುವುದಿದೆ ಎಂದರು.

"ಯಾಕ, ಅಕ್ಬರಸಾಬ ಊರಾಗ ಇಲ್ಲೇನು?" ಎಂದೆ.

"ಅಂವಗ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಸಭಾಪತಿಗೆ ಎಡಗಣ್ಣ ಕಾಣಂಗಿಲ್ಲ."

ರೊಟ್ಟಿ ಹಂಚಿನ ಮೇಲೆ ಕಪ್ಪಾಯಿತು. ಎಂದಿನಿಂದ ಎಂದು ಕೇಳಿದೆ.

"ದೀಪಾವಳಿ ಮುಂದ ಮಬ್ಬ ಆಗಿತ್ತು. ಈಗ ಪೂರಾ ಹೋಗೇತಿ. ಹ್ವಾದ ತಿಂಗಳ ಓಡಿಸಿದಾಗ ಎಡಗಡೆ ನಿಂತಾವನ ಹೊಟ್ಟಿಗೆ ಕೋಡ ಒಂದ ಗೇಣಿನ್ಯಾಗ ತಪ್ಪತು. ಜನಾ, ಭಾರಿ ಆವೇಶ ಐತಿ ಅಂತ ಸೀಟಿ ಹೊಡದ್ರು. ಆವೇಶ ಅಲ್ಲ ಅದು. ಅದಕ್ಕ ಅಂವಾ ಕಂಡಿದ್ದಿಲ್ಲ."

"ಬರೀಮುಂದ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಉತ್ತರವಿಲ್ಲದಿದ್ದಾಗ ವಾದ ಮಾಡುವುದೇ ನನ್ನ ವೃತ್ತಿಯಾಗಿತ್ತು. ಒಂಬತ್ತು ವರ್ಷ ಆ ಪ್ರಾಣಿಯನ್ನು ಕಿಟಕಿಯಿಂದ, ಬಲಮಗ್ಗುಲಿನಿಂದ ಮಾತ್ರ ನೋಡಿದ್ದವಳು ನಾನು. ಈಗ ಕಾನೂನಿನ ವ್ಯಾಖ್ಯಾನಕ್ಕೆ ಇಳಿದೆ. ದೃಷ್ಟಿದೋಷ ಎಂದರೆ ದೃಷ್ಟಿಯಲ್ಲಿ ದೋಷ. ಒಂದು ಕಣ್ಣಿನ ದೃಷ್ಟಿ ಸಂಪೂರ್ಣವಾಗಿ ಹೋಗಿದ್ದರೆ ಅದು ದೃಷ್ಟಿಯ ಅಭಾವ, ದೋಷವಲ್ಲ. ಉಳಿದ ಕಣ್ಣಿನಲ್ಲಿ ದೋಷವಿಲ್ಲ. ಆದ್ದರಿಂದ 'ಇಲ್ಲ' ಎಂಬ ಉತ್ತರ ತಾಂತ್ರಿಕವಾಗಿ ಸರಿ. ಮೇಲಾಗಿ ಪಶುವೈದ್ಯರ ಪ್ರಮಾಣಪತ್ರ ಇದೆ. (ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು, ಕೆಳಗೆ ಕೆಂಪು ಗೆರೆ ಎಳೆದು, ಪಾಲಕರನ್ನು ಕರೆಸುತ್ತಿದ್ದೆ.)

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಹಾಗಾದರೆ ಓಡಿಸುವುದೇ ಎಂದು ಕೇಳಿದರು.

"ಓಡಸಬ್ಯಾಡ್ರಿ. ನೋಂದಣಿ ಅಷ್ಟ ಆಗಲಿ. ಆಮ್ಯಾಲ ಏನರೆ ನೆವಾ ಹೇಳಿ ಕಟ್ಟಿಹಾಕ್ರಿ."

"ನೋಂದಣಿ ಆದ ಹೋರೀನ ಮನ್ಯಾಗ ಕಟ್ಟಿದ್ರ ಊರ ಬಿಡಂಗಿಲ್ಲ. ಬಾಗಲಕ್ಕ ಬಂದ ಹಗ್ಗ ಹಿಡೀತಾರ. ಅವ್ರಿಗೆ ಇಲ್ಲ ಅನ್ನೂದು ನನ್ನ ಕಡಿಂದ ಆಗಂಗಿಲ್ಲ. ನಿನಗೂ ಗೊತ್ತೈತಿ."

ಗೊತ್ತಿತ್ತು. ನೋಂದಣಿಯಾದರೆ ಸಭಾಪತಿ ಓಡುತ್ತದೆ, ಓಡಿದರೆ ಎಡಗಡೆ ನಿಂತ ಯಾವನೋ ಒಬ್ಬನ ಕರುಳು ಹೊರಗೆ ಬರುತ್ತದೆ. ನಿಜ ಹೇಳಿದರೆ ಹೋರಿಯ ಓಟ ಶಾಶ್ವತವಾಗಿ ಮುಗಿಯಿತು, ಇವರಿಗಿದ್ದ ಒಂದೇ ಮರ್ಯಾದೆ ಮುಗಿಯಿತು. ಮತ್ತು ಮಾದರಿ ಅರ್ಜಿ ಸುಳ್ಳು ಅರ್ಜಿಯಾಗುತ್ತದೆ. ಬರೆದವರ ಮೇಲೆ ಕೇಸು. ಈ ಮೂರರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಯಾವುದು ಎಂದು ಇಲ್ಲಿ ಬರೆಯಬೇಕಾಗಿಲ್ಲ.

"ನಾಳೆ ನೀವ ಬಾಯಿ ಬಿಡಬ್ಯಾಡ್ರಿ" ಎಂದೆ. "ಸುಮ್ಮನ ನಿಂತ ಬರೂಣು. ಮುಂದಿಂದು ಮುಂದ."

ಅವರು ಹಿತ್ತಲಿಗೆ ಹೋದರು. ಮೊದಲ ಬಾರಿಗೆ ನನ್ನ ಗಂಡ ಹೇಡಿಯಾಗಿರುವುದು ಅನುಕೂಲ ಎನ್ನಿಸಿತು.

ಮರುದಿನ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಇಪ್ಪತ್ತೇಳು ಹೋರಿಗಳು, ಅವುಗಳ ಎರಡರಷ್ಟು ಜನ. ಸಭಾಪತಿ ಅಕ್ಬರಸಾಬ ಹೊಲಿದ ಹೊಸ ಜೂಲಾ ಹೊದ್ದು ನಿಂತಿತ್ತು. ಹಸಿರು ಮಕಮಲ್ಲು, ಅಂಚಿಗೆ ಕನ್ನಡಿ. ನನಗೆ ಮುಂದಿನ ಸಾಲಿನಲ್ಲಿ, ಸಮಿತಿಯ ಪಕ್ಕದಲ್ಲಿ ಮೆತ್ತನೆಯ ಕುರ್ಚಿ ಹಾಕಿದ್ದರು. ಅಧಿಕಾರಿ ಮೈಕಿನಲ್ಲಿ, ಕಾನೂನು ಎಂದರೆ ಏನು ಎಂದು ಈ ತಾಲ್ಲೂಕಿಗೆ ತೋರಿಸಿಕೊಟ್ಟ ಡಾಕ್ಟರ್ ಹೊಳೆವ್ವ ಅಕ್ಕಾರು ಎಂದರು. ಚಪ್ಪಾಳೆ ಬಿತ್ತು. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಚಪ್ಪಾಳೆಗಾಗಿ ನಾನು ಮೂವತ್ತನಾಲ್ಕು ವರ್ಷ ಕಾದಿದ್ದೆ.

ಮೊದಲ ಸರದಿ ಸಭಾಪತಿಯದೇ. ಅಧಿಕಾರಿ ನನ್ನ ಅರ್ಜಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, ಇದರಲ್ಲಿ ನೋಡುವುದೇನಿದೆ ಎಂದು ನಕ್ಕು, ಮೊಹರು ಕೈಗೆ ತೆಗೆದುಕೊಂಡರು.

"ಒಂದ ನಿಮಿಷ ತಡೀರಿ ಸಾಹೇಬ್ರ."

ಯಾರು ಕೂಗಿದರು ಎಂದು ನಾನೂ ತಿರುಗಿ ನೋಡಿದೆ. ಮೈದಾನದ ಕೊನೆಯವರೆಗೂ ಮುಟ್ಟಿದ ದನಿ. ಜನ ಗಪ್ಪಾದರು. ಮದುವೆಯಾಗಿ ನಲವತ್ತೆರಡು ವರ್ಷವಾದರೂ ಆ ದನಿಯ ಪರಿಚಯ ನನಗಿರಲಿಲ್ಲ.

ನನ್ನ ಗಂಡ ಮೇಜಿನ ಹತ್ತಿರ ಬಂದರು. ಅರ್ಜಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನನ್ನ ಕಡೆ ಕೈ ಚಾಚಿದರು. ಏನು ಬೇಕು ಎಂದು ತಿಳಿಯುವ ಮೊದಲೇ ನನ್ನ ಪೆನ್ನು ಅವರ ಕೈಯಲ್ಲಿತ್ತು. ಹದಿನೇಳನೆಯ ಕಾಲಮ್ಮಿನಲ್ಲಿ ನಾನು ಬರೆದ 'ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದರು. ನೇರವಾದ ಗೆರೆ, ಮೈದಾನಕ್ಕೆ ಸುಣ್ಣ ಹಾಕಿದ ಹಾಗೆ. ಪಕ್ಕದಲ್ಲಿ 'ಇದೆ, ಎಡಗಣ್ಣು' ಎಂದು ಬರೆದರು. ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ ಹಾಕಿದರು, ಅದು ನಿಯಮ. ನನ್ನ ಬರಹವನ್ನು ಜೀವಮಾನದಲ್ಲಿ ಒಬ್ಬರೂ ತಿದ್ದಿರಲಿಲ್ಲ, ನನ್ನ ಪ್ರಬಂಧದ ಮಾರ್ಗದರ್ಶಕರೂ.

"ಇದು ಇನ್ನ ಓಡಂಗಿಲ್ರಿ" ಎಂದರು. "ಮಂದೀಗೆ ಹಾಯತೈತಿ."

ಜನರ ನಡುವಿನಿಂದ ಒಂದು ನಿಟ್ಟುಸಿರು ಎದ್ದಿತು. ಚೌಡಪ್ಪ ತಲೆಯ ಮೇಲಿನ ಟವೆಲ್ಲು ತೆಗೆದ. ಅಧಿಕಾರಿ ಮೊಹರನ್ನು ಕೆಳಗಿಟ್ಟು, ಮುಖದ ನಗು ಅಳಿಸಿ, ಅಧಿಕಾರಿಯ ದನಿಯಲ್ಲಿ ಕೇಳಿದರು: ಹಾಗಾದರೆ ಮೊದಲು ಇಲ್ಲ ಎಂದು ಬರೆದವರು ಯಾರು?

ಎದ್ದು ನಿಲ್ಲಬೇಕು ಎಂದುಕೊಂಡೆ. ಸುಳ್ಳು ಘೋಷಣೆ, ಅದರ ಪರಿಣಾಮ, ಹೊಣೆಗಾರಿಕೆ, ಎಲ್ಲವನ್ನೂ ಮೂವತ್ತನಾಲ್ಕು ಬ್ಯಾಚಿಗೆ ಕಲಿಸಿದವಳು. ಎರಡೂ ಕೈಗಳನ್ನು ಕುರ್ಚಿಯ ತೋಳಿನ ಮೇಲೆ ಊರಿದೆ ಕೂಡ. ಕುರ್ಚಿ ಬಹಳ ಮೆತ್ತಗಿತ್ತು.

"ಬರದಾಂವ ನಾನ್ರಿ" ಎಂದರು ನನ್ನ ಗಂಡ.

ಆ ಅಕ್ಷರ ಯಾರದು ಎಂದು ಅಲ್ಲಿದ್ದ ಇಪ್ಪತ್ತಾರು ಒಡೆಯರಿಗೂ ಗೊತ್ತಿತ್ತು. ಅವರೆಲ್ಲರ ಅರ್ಜಿಯೂ ಅದೇ ಅಕ್ಷರದಲ್ಲಿತ್ತು. ಎಲ್ಲರೂ ತಮ್ಮ ತಮ್ಮ ಹೋರಿಯ ಕಾಲು ನೋಡತೊಡಗಿದರು. ಅಕ್ಬರಸಾಬ ಜೂಲಾದ ಕನ್ನಡಿಯೊಂದನ್ನು ಸುಮ್ಮನೆ ಒರೆಸಿದ. ಅಧಿಕಾರಿ ಅರ್ಜಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅರ್ಜಿಯನ್ನು ನೋಡಿದರು. ನಾನು ಕುಳಿತೇ ಇದ್ದೆ.

ನನ್ನ ಗಂಡ ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ನನ್ನ ಅಂಗೈಯಲ್ಲಿಟ್ಟು, ಹಗ್ಗ ಹಿಡಿದು, ಸಭಾಪತಿಯ ಎಡಗಡೆಗೆ ಹೋಗಿ ನಿಂತರು.